ಹಿದಾ ಸೀಮೆಯ ಹುಳುಮನೆ

ನಗೋಯಾ
5 ನವೆಂಬರ್ 2025

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾವು ಮೂವರೂ ಇಲ್ಲಿ ಕ್ಷೇಮವಾಗಿದ್ದೇವೆ. ನೀವು, ಅಮ್ಮ, ಅಜ್ಜಿ ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ.

ಫೋನಿನಲ್ಲಿ ಮಾತನಾಡುವಾಗ ಅಮ್ಮ ಊಟದ ವಿಚಾರದಿಂದ ಮುಂದೆ ಹೋಗುವುದಿಲ್ಲ; ವಾಟ್ಸಾಪಿಗೆ ಕಾಸು ಬೀಳುವುದಿಲ್ಲವೆಂದು ಎಷ್ಟು ಹೇಳಿದರೂ ನೀವು "ಆಯಿತಮ್ಮ, ಇಡು" ಎನ್ನುವುದನ್ನು ಬಿಡುವುದಿಲ್ಲ. ಆದ್ದರಿಂದ ಮೊನ್ನೆ ಮೂರು ದಿನ ಜಪಾನಿನ ಬೆಟ್ಟಗಾಡಾದ ಹಿದಾ ಸೀಮೆಗೆ ಹೋಗಿ ಬಂದ ಸಂಗತಿಯನ್ನು ಕಾಗದದಲ್ಲೇ ಬರೆಯುತ್ತಿದ್ದೇನೆ. ಇನ್ನೂ ಒಂದು ಕಾರಣವಿದೆ. ನಮ್ಮ ರೇಷ್ಮೆ ಹುಳುಗಳಿಗೆ ಸೊಪ್ಪು ಕೊಡುವ ಕೆರೆ ಕಡೆಯ ಅರ್ಧ ಎಕರೆ ಹಿಪ್ಪುನೇರಳೆ ಕೀಳಿಸಿ ಟೊಮೆಟೊ ಹಾಕುವ ಮಾತನ್ನು ನೀವು ಕಳೆದ ವಾರ ಆಡಿದಿರಲ್ಲ, ಅದು ಪ್ರಯಾಣದುದ್ದಕ್ಕೂ ನನ್ನ ಕಿವಿಯಲ್ಲಿತ್ತು. ಹಾಕಿ, ಬೇಡ ಎಂದು ಹೇಳುವಷ್ಟು ದೊಡ್ಡವಳು ನಾನಲ್ಲ. ನಾನು ಕಂಡದ್ದನ್ನು ನಿಮಗೆ ಹೇಳಬೇಕೆನ್ನಿಸಿದೆ, ಅಷ್ಟೆ.

ಇಲ್ಲಿ ನವೆಂಬರ್ 3 ಸಂಸ್ಕೃತಿ ದಿನದ ರಜೆ. ಈ ವರ್ಷ ಅದು ಸೋಮವಾರ ಬಂದದ್ದರಿಂದ ಶನಿವಾರ, ಅಂದರೆ ನಮ್ಮ ರಾಜ್ಯೋತ್ಸವದ ದಿನವೇ, ಬೆಳಿಗ್ಗೆ ನಗೋಯಾದಲ್ಲಿ ಹಿದಾ ಎಂಬ ಹೆಸರಿನ ರೈಲು ಹತ್ತಿದೆವು. ಆ ರೈಲಿನದ್ದು ಒಂದು ತಮಾಷೆ. ನಗೋಯಾದಿಂದ ಗಿಫು ನಿಲ್ದಾಣದವರೆಗೆ ಸುಮಾರು ಇಪ್ಪತ್ತು ನಿಮಿಷ ಎಲ್ಲರೂ ಹಿಮ್ಮುಖವಾಗಿ ಕುಳಿತು ಸಾಗುತ್ತಾರೆ. ಗಿಫುವಿನಲ್ಲಿ ರೈಲು ದಿಕ್ಕು ಬದಲಿಸಿದ ಮೇಲೆ ಮುಖ ಮುಂದಕ್ಕಾಗುತ್ತದೆ. ನಿಮ್ಮ ಅಳಿಯಂದಿರು ಅಷ್ಟು ಹೊತ್ತು ತಲೆ ಸುತ್ತುತ್ತದೆಂದು ಕಣ್ಣು ಮುಚ್ಚಿಕೊಂಡಿದ್ದರು, ಪುಟ್ಟಿ ನಗುತ್ತಿದ್ದಳು. ಅಲ್ಲಿಂದ ಮುಂದೆ ಹಿದಾ ನದಿಯ ಕಣಿವೆ: ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಹಸಿರು ನೀರು, ಮೇಲೆ ಕೆಂಪು ಹಳದಿಗೆ ತಿರುಗಿದ ಕಾಡು. ಎರಡೂಕಾಲು ತಾಸು ಮೀರಿದ ಮೇಲೆ ತಕಯಾಮಾ ಬಂತು.

ತಕಯಾಮಾ ಎಂದರೆ ಎತ್ತರದ ಬೆಟ್ಟ ಎಂದು ಅರ್ಥ. ಸುತ್ತಲಿನ ಹಳ್ಳಿಗಳನ್ನು 2005ರಲ್ಲಿ ಸೇರಿಸಿಕೊಂಡ ಮೇಲೆ ವಿಸ್ತೀರ್ಣದಲ್ಲಿ ಇದು ಜಪಾನಿನ ಅತಿ ದೊಡ್ಡ ನಗರವಂತೆ, 2,177 ಚದರ ಕಿಲೋಮೀಟರ್. ಆದರೆ ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಕಾಡೇ, ಜನ ಮಾತ್ರ ಎಂಬತ್ತು ಸಾವಿರದ ಆಸುಪಾಸು. ಗದ್ದೆಗೆ ಜಾಗವಿಲ್ಲದ, ಮರಕ್ಕೆ ಮಿತಿಯಿಲ್ಲದ ಈ ಸೀಮೆಗೆ ಎಂಟನೆಯ ಶತಮಾನದ ಕಾನೂನೇ ಒಂದು ವಿನಾಯಿತಿ ಕೊಟ್ಟಿತ್ತು: ಬಟ್ಟೆಯ ತೆರಿಗೆ ಕೊಡಬೇಕಾಗಿಲ್ಲ, ಬದಲಿಗೆ ರಾಜಧಾನಿಯ ಅರಮನೆ, ದೇವಾಲಯಗಳನ್ನು ಕಟ್ಟಲು ಬಡಗಿಗಳನ್ನು ಕಳಿಸಬೇಕು. ತೆರಿಗೆಯಾಗಿ ಕೈಕಸುಬನ್ನು ಕೊಟ್ಟ ಊರು ಇದು. ಹಳೆಯ ಬೀದಿಯ ಮನೆಗಳ ಮರದ ಜಾಲರಿಗಳನ್ನು ನೋಡಿದರೆ ಆ ಮಾತು ಸುಳ್ಳೆನಿಸುವುದಿಲ್ಲ. 1692ರಲ್ಲಿ ಎದೊದ, ಅಂದರೆ ಇಂದಿನ ಟೋಕಿಯೊದ, ಶೋಗನ್ ಎಂಬ ಸೇನಾಧಿಪತಿಯ ಆಡಳಿತವು ಇಲ್ಲಿನ ದೊರೆಗಳನ್ನು ಬೇರೆಡೆಗೆ ಎತ್ತಿಹಾಕಿ ಸೀಮೆಯನ್ನು ನೇರವಾಗಿ ತನ್ನ ಕೈಗೆ ತೆಗೆದುಕೊಂಡದ್ದೂ ಈ ಮರದ ಆಸೆಗೇ ಎನ್ನುತ್ತಾರೆ. ಅವರ ಕಚೇರಿ ಇಂದಿಗೂ ನಿಂತಿದೆ. ಅದರ ಉಗ್ರಾಣದಲ್ಲಿ ಕಂದಾಯದ ಅಕ್ಕಿಮೂಟೆಗಳನ್ನು ಪೇರಿಸಿಟ್ಟು ತೋರಿಸುತ್ತಾರೆ. ನಿಮ್ಮ ಅಳಿಯಂದಿರಿಗೆ ಅಲ್ಲಿಯ ಚಾವಣಿ, ಕೀಲು, ತೊಲೆಗಳೇ ಸಾಕಾದವು. ಹೊರಗೆ ಸಾಲಾಗಿ ಅಕ್ಕಿಯ ಮದ್ಯ ತಯಾರಿಸುವ ಅಂಗಡಿಗಳಿವೆ, ಬಾಗಿಲ ಮೇಲೆ ದೇವದಾರಿನ ಎಲೆಗಳನ್ನು ಕಟ್ಟಿ ಮಾಡಿದ ದೊಡ್ಡ ಚೆಂಡು ತೂಗುತ್ತದೆ. ಆ ಅಂಗಡಿಗಳ ವಿವರವನ್ನು ಇಲ್ಲಿಗೇ ನಿಲ್ಲಿಸುತ್ತೇನೆ.

ಅಮ್ಮನ ಪ್ರಶ್ನೆಗೆ ಉತ್ತರವನ್ನೂ ಬರೆದುಬಿಡುತ್ತೇನೆ. ಆ ಊರು ದನದ ಮಾಂಸಕ್ಕೆ ಹೆಸರುವಾಸಿ, ಮೂಲೆಗೊಂದು ಅಂಗಡಿ. ನಾವು ಅತ್ತ ಸುಳಿಯಲಿಲ್ಲ. ಒಣಗಿಸಿದ ಅಗಲವಾದ ಹೋಬಾ ಎಲೆಯ ಮೇಲೆ ಮಿಸೊ ಎಂಬ ಹುದುಗಿಸಿದ ಸೋಯಾ ಮುದ್ದೆಯನ್ನೂ ಈರುಳ್ಳಿ, ಅಣಬೆಗಳನ್ನೂ ಹಾಕಿ, ಎಲೆಯ ಸಮೇತ ಕೆಂಡದ ಮೇಲಿಟ್ಟು ಬಿಸಿ ಮಾಡುತ್ತಾರೆ. ಬಿಸಿ ಅನ್ನಕ್ಕೆ ನಂಜಿಕೊಳ್ಳಲು ಅದು ನಮ್ಮ ಗೊಜ್ಜಿನ ಹಾಗೆಯೇ ಇತ್ತು, ಎಲೆ ಸುಟ್ಟ ಘಮ ಮಾತ್ರ ಮುತ್ತುಗದ ಎಲೆಯ ಊಟದ ನೆನಪು ತಂದಿತು. ಸೋಮವಾರ ಬೆಳಿಗ್ಗೆ ಮಿಯಾಗಾವಾ ಹೊಳೆಯ ದಂಡೆಯ ಸಂತೆಯಲ್ಲಿ ರೈತ ಹೆಂಗಸರು ತಾವೇ ಬೆಳೆದ ಸೇಬು, ಕೆಂಪು ಮೂಲಂಗಿಯಂಥ ಗೆಡ್ಡೆ, ಉಪ್ಪಿನಕಾಯಿಗಳನ್ನು ಇಟ್ಟುಕೊಂಡು ಕುಳಿತಿದ್ದರು. ಚೌಕಾಶಿ ಇಲ್ಲ. ಅಜ್ಜಿಯನ್ನು ಅಲ್ಲಿಗೆ ಕರೆದೊಯ್ದಿದ್ದರೆ ಆ ಸಂತೆಯ ಮರ್ಯಾದೆ ಉಳಿಯುತ್ತಿರಲಿಲ್ಲ! ಅಲ್ಲೇ ಪುಟ್ಟಿಗೆ ಸಾರುಬೊಬೊ ಎಂಬ ಕೆಂಪು ಬಟ್ಟೆಯ ಗೊಂಬೆ ಕೊಡಿಸಿದೆ. ಹಿದಾ ಮಾತಿನಲ್ಲಿ ಕೋತಿಮರಿ ಎಂದರ್ಥ, ಅಜ್ಜಿಯರು ಮೊಮ್ಮಕ್ಕಳಿಗೆ ಹೊಲಿದುಕೊಡುತ್ತಿದ್ದುದು. ಅದಕ್ಕೆ ಮುಖವೇ ಇರುವುದಿಲ್ಲ. ರೈಲಿನಲ್ಲಿ ನಾನು ತೂಕಡಿಸಿದಾಗ ಪುಟ್ಟಿ ಪೆನ್ನಿನಿಂದ ಕಣ್ಣು ಬಾಯಿ ಬರೆದಿದ್ದಾಳೆ.

ಇನ್ನು ನಾನು ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ. ಭಾನುವಾರ ತಕಯಾಮಾದಿಂದ ಬಸ್ಸಿನಲ್ಲಿ ಶಿರಾಕಾವಾಗೋ ಕಣಿವೆಗೆ ಹೋದೆವು, ಐವತ್ತು ನಿಮಿಷದ ದಾರಿ. ಅದರಲ್ಲಿ ಹತ್ತು ಕಿಲೋಮೀಟರಿಗೂ ಉದ್ದದ ಸುರಂಗವೊಂದಿದೆ. 2008ರಲ್ಲಿ ಅದು ತೆರೆಯುವ ಮೊದಲು ಬೆಟ್ಟ ಬಳಸಿಯೇ ಹೋಗಬೇಕಿತ್ತು. ಸುರಂಗ ದಾಟಿದ ಮೇಲೆ ಓಗಿಮಾಚಿ ಎಂಬ ಹಳ್ಳಿ. 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹುಲ್ಲುಮನೆಗಳು ಅಲ್ಲಿ ಅರವತ್ತರಷ್ಟಿವೆ. ಹುಲ್ಲುಮನೆ ಎಂದರೆ ನಮ್ಮ ಗುಡಿಸಲನ್ನು ಎಣಿಸಬೇಡಿ: ಮೂರು, ನಾಲ್ಕು ಅಂತಸ್ತಿನ ಎತ್ತರ, ಹಿಮ ನಿಲ್ಲದೆ ಜಾರಿಹೋಗುವಂತೆ ಸುಮಾರು 60 ಡಿಗ್ರಿ ಕಡಿದಾದ ಮಾಡು, ಮಾಡಿನ ತೊಲೆಗಳಿಗೆ ಮೊಳೆಯಿಲ್ಲ, ಹಗ್ಗ ಮತ್ತು ನಾರಿನ ಕಟ್ಟು. ಎರಡು ಇಳಿಜಾರು ಕೂಡುವ ರೂಪಕ್ಕೆ ಅವರು ಗಾಶ್ಶೋ ಎನ್ನುತ್ತಾರೆ, ಕೈಜೋಡಿಸಿ ನಮಸ್ಕರಿಸುವುದು ಎಂದರ್ಥ. ಒಂದು ಮಾಡಿನ ಹುಲ್ಲು ಮೂವತ್ತು ನಲವತ್ತು ವರ್ಷ ಬಾಳುತ್ತದೆ. ಬದಲಿಸುವ ದಿನ ನೂರಾರು ಜನ ಮಾಡಿನ ಮೇಲೆ ಹತ್ತಿ ಒಂದೆರಡು ದಿನದಲ್ಲಿ ಒಂದು ಮಗ್ಗುಲನ್ನು ಮುಗಿಸುತ್ತಾರೆ. ಇಂದು ನಿನ್ನ ಮನೆಗೆ ನಾನು, ನಾಳೆ ನನ್ನ ಮನೆಗೆ ನೀನು. ಅವರು ಅದನ್ನು ಯುಯಿ ಎನ್ನುತ್ತಾರೆ. ನಾವು ಮುಯ್ಯಾಳು ಎನ್ನುವುದಿಲ್ಲವೇ, ಅದೇ ಲೆಕ್ಕ. ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡಹುವುದಿಲ್ಲ ಎಂದು 1971ರಲ್ಲಿ ಊರವರೇ ಕಟ್ಟುಪಾಡು ಮಾಡಿಕೊಂಡದ್ದರಿಂದ ಈ ಮನೆಗಳು ಉಳಿದಿವೆ.

ಅಪ್ಪ, ಇಷ್ಟು ಎತ್ತರದ ಮಾಡು ಅವರಿಗೇಕೆ ಬೇಕಿತ್ತು, ಊಹಿಸಿ. ರೇಷ್ಮೆ ಹುಳು ಸಾಕುವುದಕ್ಕೆ! ಸಾರ್ವಜನಿಕರಿಗೆ ತೆರೆದಿಟ್ಟ ಒಂದು ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು (ನಿಮ್ಮ ಅಳಿಯಂದಿರ ಕಾಲುಚೀಲದ ತೂತು ಅಲ್ಲಿ ಲೋಕಕ್ಕೆಲ್ಲ ಕಂಡಿತು) ಏಣಿಯಂಥ ಮೆಟ್ಟಿಲು ಹತ್ತಿದರೆ, ಅಟ್ಟದ ಮೇಲೊಂದು ಅಟ್ಟ, ಅದರ ಮೇಲೆ ಇನ್ನೊಂದು. ನೆಲದ ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟಿದ್ದಾರೆ. ಕೆಳಗಿನ ನಡುಮನೆಯ ಒಲೆಯ ಶಾಖ ಆ ಸಂದುಗಳಿಂದ ಮೇಲೇರಿ ಹುಳುಗಳನ್ನು ಬೆಚ್ಚಗಿಡುತ್ತಿತ್ತು, ಹೊಗೆ ಹಾಗೆಯೇ ಮೇಲಕ್ಕೆ ಹೋಗಿ ಹುಲ್ಲಿಗೆ ಹುಳ ಹಿಡಿಯದಂತೆ ಕಾಯುತ್ತಿತ್ತು. ಎರಡೂ ತುದಿಯ ಗೋಡೆಗಳ ಕಿಟಕಿಯಿಂದ ಬೆಳಕು, ಗಾಳಿ. ಕಂಬಗಳು ಮಸಿಯಿಂದ ಕರ್ರಗಾಗಿವೆ. ಹುಳುವಿನ ಹಿಕ್ಕೆಯನ್ನೂ ಅವರು ಬಿಡುತ್ತಿರಲಿಲ್ಲ: ನೆಲದಡಿಯ ಗುಂಡಿಯಲ್ಲಿ ಮಣ್ಣು, ಸೊಪ್ಪುಸದೆಗಳ ಜೊತೆ ವರ್ಷಗಟ್ಟಲೆ ಕೊಳೆಯಿಸಿ, ಅದರಿಂದ ಮದ್ದುಗುಂಡಿಗೆ ಬೇಕಾದ ಪೆಟ್ಲುಪ್ಪು ತೆಗೆಯುತ್ತಿದ್ದರು. ನಾವು ಹಸುವಿಗೆ ಹಾಕಿ ತೃಪ್ತರಾಗುತ್ತೇವೆ.

ಮೂರನೆಯ ಅಟ್ಟದಲ್ಲಿ ಸೊಪ್ಪು ಹೆಚ್ಚುವ ಕತ್ತಿ, ಬಿದಿರಿನ ತಟ್ಟೆ, ಹುಳು ಗೂಡು ಕಟ್ಟಲು ಹುಲ್ಲು ಹೊಸೆದು ಮಾಡಿದ ಅವರ ಚಂದ್ರಿಕೆ, ಎಲ್ಲವನ್ನೂ ಚೀಟಿ ಅಂಟಿಸಿ ಇಟ್ಟಿದ್ದರು. ನಿಮಗೆ ಮೆಚ್ಚುಗೆಯಾಗುವಂಥದ್ದು ಒಂದಿತ್ತು: ಮರದ ಚೌಕಟ್ಟಿಗೆ ರಟ್ಟಿನ ನೂರಾರು ಸಣ್ಣ ಕೋಣೆಗಳನ್ನು ಜೋಡಿಸಿ ಚಾವಣಿಯಿಂದ ತೂಗುಬಿಟ್ಟ ತಿರುಗುವ ಚಂದ್ರಿಕೆ. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ, ಹುಳು ಮೇಲಕ್ಕೇ ಹತ್ತುತ್ತದೆಯಲ್ಲ. ಮೇಲಿನ ಭಾಗ ಭಾರವಾದ ಕೂಡಲೇ ಚೌಕಟ್ಟು ತಾನಾಗಿ ಮಗುಚಿ, ಖಾಲಿ ಕೋಣೆಗಳು ಮೇಲೆ ಬರುತ್ತವೆ. ಕೋಣೆಗೊಂದೇ ಹುಳು, ಆದ್ದರಿಂದ ಜೋಡಿ ಗೂಡು ಬೀಳುವುದು ಅಪರೂಪ. ಹುಳುವಿನ ಸ್ವಭಾವ ಬಲ್ಲವನಷ್ಟೇ ಅದನ್ನು ಮಾಡಬಲ್ಲ.

ಅಲ್ಲಿ ಟಿಕೆಟು ಕೊಡುತ್ತಿದ್ದ ಮುದುಕಿಗೆ ನನ್ನ ಮುರುಕು ಜಪಾನಿಯಲ್ಲಿ, ನಮ್ಮ ಅಪ್ಪನೂ ಹುಳು ಸಾಕುತ್ತಾರೆ ಎಂದೆ. "ಈಗಲೂ?" ಎಂದು ಎದ್ದು ನಿಂತರು. ಅವರ ಬಾಲ್ಯದಲ್ಲಿ ಮನೆಯವರು ಹುಳುವನ್ನು ಒಕಾಯಿಕೊ ಸಾಮಾ ಎಂದು, ಹಿರಿಯರನ್ನು ಕರೆದಂತೆ, ಗೌರವ ಸೇರಿಸಿ ಕರೆಯುತ್ತಿದ್ದರಂತೆ. ಹುಳು ಪೊರೆ ಬಿಡುವಾಗ ನಾವು ಜ್ವರಕ್ಕೆ ಕೂತಿದೆ ಎನ್ನುತ್ತೇವೆ; ಅವರು ಹುಳು ನಿದ್ದೆಯಲ್ಲಿದೆ ಎಂದು ಒಂದನೇ ನಿದ್ದೆ, ಎರಡನೇ ನಿದ್ದೆ ಎಂದು ಎಣಿಸುತ್ತಾರೆ. ರೇಷ್ಮೆ ಹುಳುವನ್ನು ಕೊಲ್ಲುವ ನಮ್ಮ ಊಜಿ ನೊಣದ ಮಾತೆತ್ತಿದಾಗ ಅವರು ನಕ್ಕೇಬಿಟ್ಟರು: ಉಜಿ ಎಂದರೆ ಜಪಾನಿಯಲ್ಲಿ ನೊಣದ ಮರಿಹುಳ. 1980ರಲ್ಲಿ ನಮ್ಮ ಸೀಮೆಗೆ ಬಂದು ಅಜ್ಜಿಯಿಂದ ಇಷ್ಟು ಶಾಪ ಹಾಕಿಸಿಕೊಂಡ ಆ ನೊಣದ ಹೆಸರು ಇಲ್ಲಿಯದೆಂದು ಅಜ್ಜಿಗೆ ದಯವಿಟ್ಟು ಓದಿ ಹೇಳಿ. ನೀವು ಸಾಕುವ ಬಿಳಿ ಗೂಡಿನ ದ್ವಿತಳಿ ಹುಳುವಿನ ಬೇರೂ ಇತ್ತಲೇ ಚಾಚಿದೆ; 1990ರ ದಶಕದಲ್ಲಿ ಜಪಾನಿನವರ ನೆರವಿನಿಂದಲೇ ಮೈಸೂರಿನ ಸಂಶೋಧನಾ ಕೇಂದ್ರದಲ್ಲಿ ಅಂಥ ತಳಿಗಳನ್ನು ರೂಪಿಸಿದ್ದು.

ಕಲಿಸಿದವರ ನಾಡಿನಲ್ಲಿ ಈಗ ಕಸುಬು ಉಳಿದಿಲ್ಲ. 1929ರ ಸುಮಾರಿಗೆ ಜಪಾನಿನಲ್ಲಿ 22 ಲಕ್ಷ ರೈತ ಕುಟುಂಬಗಳು ಹುಳು ಸಾಕುತ್ತಿದ್ದವು. ಇಂದು ಇಡೀ ದೇಶದಲ್ಲಿ 200 ಮನೆಗಳೂ ಇಲ್ಲ. ಹಾಗೆಂದು ಹಳೆಯ ಕಾಲವನ್ನು ಹೊಗಳುವುದೂ ನನಗೆ ಒಗ್ಗಲಿಲ್ಲ. ರಾತ್ರಿ ನಾವಿಳಿದುಕೊಂಡಿದ್ದ ಛತ್ರದ ಯಜಮಾನಿ ಹೇಳಿದ ಕಥೆ ಕೇಳಿ: ನೂರಿಪ್ಪತ್ತು ವರ್ಷದ ಹಿಂದೆ ಈ ಹಳ್ಳಿಗಳ ಹನ್ನೆರಡು, ಹದಿಮೂರು ವರ್ಷದ ಹುಡುಗಿಯರು 1,672 ಮೀಟರ್ ಎತ್ತರದ ನೊಮುಗಿ ಕಣಿವೆದಾರಿಯನ್ನು ಹಿಮದಲ್ಲಿ ನಡೆದು ದಾಟಿ, ಆಚೆಯ ನಗಾನೊ ಸೀಮೆಯ ನೂಲು ಬಿಚ್ಚುವ ಕಾರ್ಖಾನೆಗಳಿಗೆ ಹೋಗುತ್ತಿದ್ದರು. 1909ರಲ್ಲಿ ಮಸಾಯಿ ಮಿನೆ ಎಂಬ ಹುಡುಗಿ ಅಲ್ಲಿ ಕಾಯಿಲೆ ಬಿದ್ದಾಗ ಅಣ್ಣ ಬೆನ್ನ ಮೇಲೆ ಹೊತ್ತು ತಂದ. ಅವಳು ಆ ಕಣಿವೆಯ ನೆತ್ತಿಯಲ್ಲೇ ತೀರಿಕೊಂಡಳು. ಕೇಳುತ್ತಿರುವಾಗ ನನಗೆ ಅತ್ತೆಯ ಬೆರಳುಗಳು ಕಣ್ಣಿಗೆ ಕಟ್ಟಿದವು. ಶಿಡ್ಲಘಟ್ಟದಲ್ಲಿ ಬಿಸಿನೀರಿನ ಬಾನಿಯ ಮುಂದೆ ಕುಳಿತು ಬೆಂದು ಬಿಳಿಚಿಕೊಂಡ ಆ ಬೆರಳುಗಳಿಂದಲೇ ಅಲ್ಲವೇ ಅವರು ನನ್ನ ಮೊದಲ ವರ್ಷದ ಕಾಲೇಜು ಶುಲ್ಕ ಎಣಿಸಿಕೊಟ್ಟದ್ದು.

ಆದ್ದರಿಂದ ಟೊಮೆಟೊ ವಿಚಾರದಲ್ಲಿ ನಿಮಗೆ ಸರಿಕಂಡಂತೆ ಮಾಡಿ. ನನ್ನದು ಒಂದು ಸಣ್ಣ ಕೋರಿಕೆ. ಪ್ಲಾಸ್ಟಿಕ್ಕಿನ ನೇತ್ರಿಕೆ ಬಂದ ಮೇಲೆ ಬಿದಿರಿನ ಹಳೆಯ ಚಂದ್ರಿಕೆಗಳು ಕೊಟ್ಟಿಗೆಯ ಹಿಂದೆ ಬಿದ್ದಿವೆಯಲ್ಲ, ಅಮ್ಮ ನೀರೊಲೆಗೆ ಒಂದೊಂದಾಗಿ ಹಾಕುತ್ತಿದ್ದಾಳೆಂದು ತಮ್ಮ ಹೇಳಿದ. ಗೆದ್ದಲು ಹಿಡಿಯದ ಎರಡನ್ನಾದರೂ ಒರೆಸಿ ಅಟ್ಟಕ್ಕೆ ಹಾಕಿಸಿಡಿ. ಏಪ್ರಿಲಿನಲ್ಲಿ ಬಂದಾಗ ಪುಟ್ಟಿಗೆ ತೋರಿಸಬೇಕು. ಶಿರಾಕಾವಾಗೋದಲ್ಲಿ ಅವಳು ಆ ಹುಲ್ಲಿನ ಚಂದ್ರಿಕೆಯನ್ನು ಮುಟ್ಟಲು ಹೋಗಿ, ಮುಟ್ಟಬಾರದೆಂಬ ಫಲಕ ಕಂಡು ಕೈ ಹಿಂದಕ್ಕೆ ತೆಗೆದುಕೊಂಡಳು.

ಅಮ್ಮನಿಗೂ ಅಜ್ಜಿಗೂ ನನ್ನ ನಮಸ್ಕಾರಗಳು, ತಮ್ಮನಿಗೆ ಆಶೀರ್ವಾದಗಳು. ಈ ಬೆಳೆಯ ಗೂಡಿಗೆ ರೇಟು ಎಷ್ಟು ಸಿಕ್ಕಿತೆಂದು ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು