ಡಿಸ್‌ಚಾರ್ಜ್ ಸಮಯದಲ್ಲಿ ಕಾಯಿಲೆ ಏನು, ಮಾತ್ರೆ ಎಷ್ಟು ದಿನ ಎಂದು ತಿಳಿಸದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ರೋಗಿಗಳ ಸೇವಾ ವಿಭಾಗ

ಮಾನ್ಯರೇ,

ಎರಡು ತಿಂಗಳ ಹಿಂದೆ ನನ್ನ ತಮ್ಮ ಎದೆನೋವು ಅಂತ ನಿಮ್ಮ ಆಸ್ಪತ್ರೆಗೆ ದಾಖಲಾಗಿದ್ದ. ಉಸಿರೆಳೆದರೆ ಚುಚ್ಚುತ್ತಿತ್ತು, ಮಲಗಿದರೆ ಇನ್ನೂ ಜಾಸ್ತಿ. ರಾತ್ರಿಯೆಲ್ಲ ದಿಂಬು ತಬ್ಬಿಕೊಂಡು ಮುಂದಕ್ಕೆ ಬಾಗಿಯೇ ಕೂತಿದ್ದ. ಇಸಿಜಿ, ಎಕೋ ಬೇಗ ಮಾಡಿ, ಹಾರ್ಟ್ ಅಟ್ಯಾಕ್ ಅಲ್ಲ ಎಂದು ಹೇಳಿದಿರಿ. ಆ ವೈದ್ಯರ ಮೇಲೆ ನನ್ನ ದೂರಿಲ್ಲ. ಮನೆಗೆ ಕಳಿಸಿದ ರೀತಿಯ ಮೇಲೆ ಇದೆ.

ಡಿಸ್‌ಚಾರ್ಜ್ ಹಾಳೆಯಲ್ಲಿ 'ಅಕ್ಯೂಟ್ ಪೆರಿಕಾರ್ಡೈಟಿಸ್' ಎಂದಷ್ಟೇ ಇತ್ತು. ಐಬುಪ್ರೊಫೇನ್, ಕೊಲ್ಚಿಸಿನ್ ಎಂದು ಎರಡು ಮಾತ್ರೆಯ ಹೆಸರಿದ್ದವು. 'ಎಷ್ಟು ದಿನ' ಎಂಬ ಕಡೆ ಕೊಲ್ಚಿಸಿನ್ ಎದುರು ಖಾಲಿ. ನರ್ಸನ್ನು ಕೇಳಿದೆ. "ನೋವು ಹೋಗೋವರೆಗೆ ತಗೊಳ್ಳಲಿ" ಎಂದರು. ಹತ್ತು ದಿನಕ್ಕೆ ನೋವು ಹೋಯಿತು, ತಮ್ಮ ಮಾತ್ರೆ ಬಿಟ್ಟ. ಬೆಳಗಿನ ಓಟ ಮತ್ತೆ ಶುರು ಮಾಡಿದ.

ಆರನೇ ವಾರ ಅದೇ ನೋವು, ಅದೇ ದಿಂಬು.

ಈ ಸಲ ಬೇರೆ ವೈದ್ಯರ ಹತ್ತಿರ ಹೋದೆವು. ಅವರು ಐದು ನಿಮಿಷ ಕೂರಿಸಿ ಹೇಳಿದರು. ಹೃದಯದ ಸುತ್ತ ಎರಡು ಪದರದ ತೆಳುವಾದ ಚೀಲ ಇರುತ್ತದೆ. ಪದರಗಳ ನಡುವೆ ಇರುವ ಸ್ವಲ್ಪ ದ್ರವದಿಂದ ಅವು ಜಾರುತ್ತಾ ಇರುತ್ತವೆ. ಆ ಚೀಲಕ್ಕೆ ಉರಿಯೂತ ಬರುವುದೇ ಪೆರಿಕಾರ್ಡೈಟಿಸ್. ಆಗ ಪದರಗಳು ಒಂದಕ್ಕೊಂದು ಉಜ್ಜುತ್ತವೆ, ಕೆಲವೊಮ್ಮೆ ಆ ಸದ್ದು ಸ್ಟೆತಾಸ್ಕೋಪಿನಲ್ಲೂ ಕೇಳುತ್ತದೆ. ಮುಂದಕ್ಕೆ ಬಾಗಿದರೆ ನೋವು ಕಡಿಮೆಯಾಗುವುದೂ ಈ ಕಾಯಿಲೆಯ ಗುರುತೇ. ಹೆಚ್ಚಾಗಿ ವೈರಸ್‌ನಿಂದ ಬರುತ್ತದೆ, ಬಹಳ ಸಲ ಕಾರಣವೇ ಗೊತ್ತಾಗುವುದಿಲ್ಲ. ನೋವು ಹೋದರೂ ಒಳಗಿನ ಉರಿಯೂತ ಉಳಿದಿರಬಹುದು. ಅದಕ್ಕೇ ಮೊದಲ ಸಲಕ್ಕೆ ಕೊಲ್ಚಿಸಿನ್ ಸಾಮಾನ್ಯವಾಗಿ 3 ತಿಂಗಳು ಕೊಡುತ್ತಾರಂತೆ. ಮರುಕಳಿಸುವ ಸಾಧ್ಯತೆ ಅದರಿಂದ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಉರಿಯೂತ ಎಷ್ಟಿದೆ ಎಂದು ತೋರಿಸುವ ರಕ್ತದ ಸಿಆರ್‌ಪಿ ಪರೀಕ್ಷೆ ಸರಿಹೋಗುವ ತನಕ ಓಟ, ಜಿಮ್ ಬೇಡ.

ಇಷ್ಟು ಮಾತು ನಿಮ್ಮಲ್ಲಿ ಯಾರಾದರೂ ಹೇಳಬಹುದಿತ್ತು ಅಲ್ವಾ? ತಮ್ಮ ಮಾತ್ರೆ ಬಿಟ್ಟದ್ದು ಹಟಕ್ಕೆ ಬಿದ್ದಲ್ಲ. ನಿಮ್ಮವರ ಮಾತು ನಂಬಿಯೇ ಬಿಟ್ಟ.

ಆ ಖಾಲಿ ಬಿಟ್ಟ ಹಾಳೆಯ ಪ್ರತಿ ಲಗತ್ತಿಸಿದ್ದೇನೆ. ಅದು ಹೇಗಾಯಿತು ಎಂದು 15 ದಿನದೊಳಗೆ ಬರಹದಲ್ಲಿ ಉತ್ತರಿಸಿ. ಈ ಕಾಯಿಲೆಯವರನ್ನು ಮನೆಗೆ ಕಳಿಸುವಾಗ ಕನ್ನಡದಲ್ಲಿ ಒಂದು ಪುಟ ಬರೆದುಕೊಡಿ: ಮಾತ್ರೆ ಯಾವಾಗ ನಿಲ್ಲಿಸಬೇಕು, ಓಡಾಟ ಎಷ್ಟು, ಉಸಿರು ಕಟ್ಟಿದರೆ ಅಥವಾ ತಲೆಸುತ್ತಿ ಬಿದ್ದರೆ ತಕ್ಷಣ ಬರಬೇಕು ಎಂದು. ಚೀಲದಲ್ಲಿ ನೀರು ತುಂಬಿ ಹೃದಯವನ್ನು ಒತ್ತಿದರೆ ಜೀವಕ್ಕೇ ಅಪಾಯ. ಅದನ್ನೂ ನಮಗೆ ಯಾರೂ ಹೇಳಿರಲಿಲ್ಲ.

ಇಂತಿ,
ರೋಗಿಯ ಅಕ್ಕ