ಮಳೆ ಬಂದರೆ ಕೂಗುವ ಕಾರು

ಇವರಿಗೆ,
ಸರ್ವಿಸ್ ಮ್ಯಾನೇಜರ್ ಅವರು,
ನಾನು ಕಾರು ಕೊಂಡ ಶೋರೂಮಿನ ಸರ್ವಿಸ್ ವಿಭಾಗ, ಶಿವಮೊಗ್ಗ

ವಿಷಯ: ಕಾರಿನ ಅಲಾರಂ ಸುಮ್ಮಸುಮ್ಮನೆ ಕೂಗುವುದು, ಮೂರು ಸಲ ದುಡ್ಡು ಕೊಟ್ಟರೂ ರಿಪೇರಿ ಆಗದಿರುವುದು

ಮಾನ್ಯರೇ,

ನಿಮ್ಮಲ್ಲಿ ಕಾರು ಕೊಂಡು ಒಂದೂವರೆ ವರ್ಷವಾಯಿತು. ಅವತ್ತೇ ನಿಮ್ಮ ಆಕ್ಸೆಸರಿ ಕೌಂಟರಿನವರು ಬಲವಂತ ಮಾಡಿ ಅಲಾರಂ ಹಾಕಿಸಿದರು. ಎರಡು ವರ್ಷ ವಾರಂಟಿ ಎಂದು ಬಿಲ್ಲಿನ ಮೇಲೆ ಬರೆದೂ ಕೊಟ್ಟಿದ್ದಾರೆ. ಈ ಜೂನ್ ತನಕ ಅದು ಇದೆ ಎನ್ನುವುದೇ ಮರೆತುಹೋಗಿತ್ತು. ಮಳೆ ಹಿಡಿದ ಮೇಲೆ ಶುರುವಾಯಿತು ನೋಡಿ. ರಾತ್ರಿ ಎರಡೂವರೆಗೋ ಮೂರಕ್ಕೋ, ಮನಸ್ಸು ಬಂದಾಗ ಕಾರು ಕೂಗುತ್ತದೆ.

ಮೊದಲ ರಾತ್ರಿ ನಮ್ಮ ಮಾವ ಕಳ್ಳ ಬಂದ ಅಂತ ಒಂದು ಕೈಲಿ ಟಾರ್ಚು, ಇನ್ನೊಂದು ಕೈಲಿ ತೆಂಗಿನ ಮಟ್ಟೆ ಹಿಡಿದು ಓಡಿದರು. ಎರಡನೇ ರಾತ್ರಿ ಓಡಲಿಲ್ಲ. ಆಮೇಲೆ ಯಾರೂ ಏಳುವುದನ್ನೇ ಬಿಟ್ಟರು, ನಾನೊಬ್ಬ ಕತ್ತಲಲ್ಲಿ ರಿಮೋಟ್ ಹುಡುಕುತ್ತಿದ್ದೆ. ನಿಜವಾಗಿ ಕಳ್ಳ ಬಂದರೂ ಬೀದಿಯವರು ಮಗ್ಗುಲು ಬದಲಿಸಿ ಮಲಗುತ್ತಾರೆ, ಅಲ್ವಾ? ಎದುರು ಮನೆಯ ರಿಟೈರ್ಡ್ ಮೇಷ್ಟ್ರು ಮಾತ್ರ ಗೇಟಿನ ಹತ್ತಿರ ನಿಲ್ಲಿಸಿ, "ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಮನೆಗಳಿರೋ ಕಡೆ ಹಾರ್ನ್ ಹೊಡೀಬಾರದು ಅಂತ ಕಾನೂನೇ ಇದೆ, ಗೊತ್ತೇನಪ್ಪಾ?" ಎಂದರು. ನನಗೆ ಗೊತ್ತು. ನನ್ನ ಕಾರಿಗೆ ಗೊತ್ತಿಲ್ಲ.

ನಿಮ್ಮಲ್ಲಿಗೆ ಮೂರು ಸಲ ಬಂದೆ. ಮೊದಲ ಸಲ, ಕಾರಿಗೆ ಪೆಟ್ಟು ಬಿದ್ದರೆ ಅಲಾರಂ ಕೂಗಿಸುವ ಶಾಕ್ ಸೆನ್ಸರ್ ಜಾಸ್ತಿ ಸೂಕ್ಷ್ಮ ಇದೆ ಎಂದು ಒಂದು ತಿರುಪು ತಿರುಗಿಸಿ 450 ರೂಪಾಯಿ ತೆಗೆದುಕೊಂಡಿರಿ. ಎರಡನೇ ಸಲ ಬ್ಯಾಟರಿ ವೀಕ್ ಎಂದು ಹೊಸದು ಹಾಕಿದಿರಿ, 5,800 ರೂಪಾಯಿ. ಮೂರನೇ ಸಲ ಇಲಿ ವೈರ್ ಕಡಿದಿರಬೇಕು ಎಂದು ಇಲಿ ಸ್ಪ್ರೇ ಹೊಡೆದು 620. ಕಡಿದ ವೈರ್ ತೋರಿಸಿ ಎಂದರೆ "ಒಳಗಡೆ ಇದೆ ಸಾರ್" ಅಂದರು. ಒಳಗಡೆ ಎಲ್ಲಿ ಅಂತ ಇವತ್ತಿಗೂ ಗೊತ್ತಾಗಿಲ್ಲ. ಮೂರು ಜಾಬ್ ಕಾರ್ಡಿನಲ್ಲೂ ಒಂದೇ ಸಾಲು: ಅಲಾರಂ ಚೆಕ್ ಮಾಡಿದೆ, ಓಕೆ.

ಬ್ಯಾಟರಿ ವಿಷಯ ಒಂದು ಮಾತು. ನಿಮ್ಮಲ್ಲಿಗೆ ತರುವ ದಿನ ಬೆಳಿಗ್ಗೆ, ಕಾರು ಸ್ಟಾರ್ಟ್ ಮಾಡುವ ಮೊದಲೇ, ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಇಟ್ಟು ನೋಡಿದ್ದ. 12.6 ವೋಲ್ಟ್ ತೋರಿಸಿತು. ಅಂದರೆ ಚಾರ್ಜ್ ತುಂಬಿತ್ತು. ವೋಲ್ಟೇಜ್ ಇಳಿದರೆ ಅಲಾರಂ ಸುಮ್ನೆ ಕೂಗುವುದುಂಟು, ಒಪ್ಪುತ್ತೇನೆ. ನೀವು ಲೋಡ್ ಟೆಸ್ಟ್, ಅಂದರೆ ಬ್ಯಾಟರಿಯ ಮೇಲೆ ಭಾರ ಹಾಕಿ ಅದರ ತಾಕತ್ತು ನೋಡುವ ಪರೀಕ್ಷೆ, ಮಾಡಿದ್ದರೆ ಅದರ ಚೀಟಿ ಕೊಡಿ. ಹಳೇ ಬ್ಯಾಟರಿಯನ್ನಂತೂ ನೀವೇ ಇಟ್ಟುಕೊಂಡಿದ್ದೀರಿ.

ಕೊನೆಗೆ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಡಲು ಶುರು ಮಾಡಿದೆ. ಒಂಬತ್ತು ಸಲ ಕೂಗಿತು. ಒಂಬತ್ತೂ ಮಳೆ ಬಂದ ರಾತ್ರಿಗಳೇ. ನಡುವೆ ತೀರ್ಥಹಳ್ಳಿಯ ಅಮ್ಮನ ಮನೆಗೆ ಹೋಗಿದ್ದೆವು. ಅಲ್ಲಿ ಕೊಟ್ಟಿಗೆ ಪಕ್ಕದ ಶೀಟಿನ ಕೆಳಗೆ ಕಾರು ನಾಲ್ಕು ರಾತ್ರಿ ನಿಂತಿತ್ತು. ಹೊರಗೆ ಜಡಿಮಳೆ. ಒಂದು ಸಲವೂ ಕೂಗಲಿಲ್ಲ. ಆ ಕೊಟ್ಟಿಗೆಯಲ್ಲಿ ಇಲಿಗಳಿಗೇನೂ ಬರ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಹಾಗಾದರೆ ತಂಟೆ ನೀರಿನದು. ಬಾನೆಟ್ ಎತ್ತಿದೆ. ಎಡಗಡೆ ಮೂಲೆಯಲ್ಲಿ, ಅಲಾರಂ ಹಾಕುವಾಗ ನಿಮ್ಮವರೇ ತೂತು ಕೊರೆದು ಕೂರಿಸಿದ ಬೆರಳುದ್ದದ ಸ್ವಿಚ್ಚಿದೆ. ಬಾನೆಟ್ ಮುಚ್ಚಿದ್ದರೆ ಅದರ ಕಡ್ಡಿ ಒತ್ತಿಕೊಂಡಿರುತ್ತದೆ. ಎತ್ತಿದರೆ ಕಡ್ಡಿ ಮೇಲೆ ಬಂದು, ವೈರ್ ಕಾರಿನ ಲೋಹದ ಮೈಗೆ ಸೇರಿ ಅರ್ಥ್ ಆಗುತ್ತದೆ. ಯಾರೋ ಬಾನೆಟ್ ತೆಗೆದರು ಎಂದು ಅಲಾರಂ ಕೂಗುತ್ತದೆ. ನಮ್ಮದರ ರಬ್ಬರ್ ಟೋಪಿ ಹರಿದಿತ್ತು. ಒಳಗಿನ ಸ್ಪ್ರಿಂಗು ತುಕ್ಕು ಹಿಡಿದು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ತಳದಲ್ಲಿ ಕೆಸರು. ಒದ್ದೆಯಾದಾಗ ಆ ಕೆಸರೇ ವೈರ್‌ಗೂ ಕಾರಿನ ಮೈಗೂ ಸೇತುವೆ ಕಟ್ಟುತ್ತದೆ. ಬಾನೆಟ್ ಮುಚ್ಚೇ ಇರುತ್ತದೆ, ಅಲಾರಂ ಮಾತ್ರ ತೆರೆದಿದೆ ಅಂದುಕೊಳ್ಳುತ್ತದೆ.

ಇದು ಊಹೆ ಅನ್ನಬೇಡಿ. ಬಿಸಿಲಿದ್ದ ಒಂದು ಭಾನುವಾರ ಅಲಾರಂ ಆನ್ ಮಾಡಿ, ಬಾನೆಟ್ ಸಂದಿಯಲ್ಲಿ ಸ್ವಿಚ್ಚಿನ ನೇರಕ್ಕೆ ಅರ್ಧ ಲೋಟ ನೀರು ಬಿಟ್ಟೆ. ಮಾವ ವಾಚ್ ನೋಡುತ್ತಾ ನಿಂತಿದ್ದರು. ನಾಲ್ಕನೇ ನಿಮಿಷಕ್ಕೆ ಕೂಗಿತು. ಆಮೇಲೆ ಆ ವೈರ್ ಬಿಚ್ಚಿ, ತುದಿಗೆ ಟೇಪ್ ಸುತ್ತಿ, ಮತ್ತೆ ಅರ್ಧ ಲೋಟ ಬಿಟ್ಟೆ. ಅರ್ಧ ಗಂಟೆ ಕಾದರೂ ಸದ್ದಿಲ್ಲ. ಹಾಗೇ ಬಿಟ್ಟು ಇಂದಿಗೆ 11 ರಾತ್ರಿ ಆಯಿತು, ಅದರಲ್ಲಿ ಎಂಟು ರಾತ್ರಿ ಮಳೆ. ಬೀದಿ ತಣ್ಣಗಿದೆ.

ಆದರೆ ಈಗ ಬಾನೆಟ್ಟಿಗೆ ಕಾವಲಿಲ್ಲ. ನಿಮ್ಮವರು ಸೆನ್ಸರನ್ನು ಎಷ್ಟು ಇಳಿಸಿದ್ದಾರೆಂದರೆ ಗಾಜಿಗೆ ಗುದ್ದಿದರೂ ಕಾರು ಮಾತಾಡುವುದಿಲ್ಲ. ಗುದ್ದಿ ನೋಡಿದ್ದೇನೆ, ಕೈ ನೋವು ಬಂತು.

ಆದ್ದರಿಂದ ಆ ಸ್ವಿಚ್ಚನ್ನು ರಬ್ಬರ್ ಟೋಪಿ ಸಮೇತ ವಾರಂಟಿಯಲ್ಲಿ ಬದಲಾಯಿಸಿ, ನೀರು ನಿಲ್ಲದ ಜಾಗದಲ್ಲಿ ಕೂರಿಸಿಕೊಡಿ. ಸೆನ್ಸರನ್ನು ಮೊದಲಿನಂತೆ ಮಾಡಿ. ಬೇಡದ ಕೆಲಸಕ್ಕೆ ತೆಗೆದುಕೊಂಡ 6,870 ರೂಪಾಯಿ ವಾಪಸ್ ಕೊಡಿ. ಲೋಡ್ ಟೆಸ್ಟ್ ಚೀಟಿ ತೋರಿಸಿದರೆ ಬ್ಯಾಟರಿಯ ದುಡ್ಡು ಬಿಡುತ್ತೇನೆ. ಈ ಸಲ ಜಾಬ್ ಕಾರ್ಡಿನಲ್ಲಿ ಏನು ಕೆಟ್ಟಿತ್ತು, ಏನು ಹಾಕಿದಿರಿ ಎಂದು ಬಿಡಿಸಿ ಬರೆಯಿರಿ. 15 ದಿನದೊಳಗೆ ಆಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ಅಲ್ಲಿಂದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಇಷ್ಟು ಸಣ್ಣ ಮೊತ್ತಕ್ಕೆ ಅಲ್ಲಿ ಶುಲ್ಕವೂ ಇಲ್ಲ.

ಮೂರು ಬಿಲ್, ಮೂರು ಜಾಬ್ ಕಾರ್ಡ್, ವಾರಂಟಿ ಬಿಲ್ ಮತ್ತು ನೋಟ್‌ಬುಕ್ಕಿನ ಪುಟಗಳ ಜೆರಾಕ್ಸ್ ಜೊತೆಗಿಟ್ಟಿದ್ದೇನೆ. ಶನಿವಾರ ಬೆಳಿಗ್ಗೆ ಕಾರು ತರುತ್ತೇನೆ. ಕೆಲಸ ಮುಗಿದ ಮೇಲೆ ನೀರು ಬಿಟ್ಟು ನನ್ನೆದುರೇ ಪರೀಕ್ಷೆ ಮಾಡಬೇಕು. ಲೋಟ ನಾನೇ ತರುತ್ತೇನೆ.

ಇಂತಿ,
ನಿಮ್ಮ ಗ್ರಾಹಕ
ಶಿವಮೊಗ್ಗ