ಪುಸ್ತಕದ ಬದನೆಕಾಯಿ

ಪುಟ್ಟೀ,

ನಿನ್ನೆ ಫೋನಿನಲ್ಲಿ ನಿನ್ನ ದನಿ ಸಣ್ಣಗಿತ್ತು. "ಪ್ರೊಫೆಸರ್‌ಗಳಿಂದಲೇ ಈ ದೇಶ ಕೆಟ್ಟಿದ್ದು" ಅಂತ ಮನೆ ಓನರ್ ಅಂದರಲ್ವಾ? ಅಮೆರಿಕದ ಟೆನೆಸಿ ರಾಜ್ಯಕ್ಕೆ ಹೋಗಿ ಪಿಎಚ್‌ಡಿ ಮಾಡುವವಳಿಗೆ ಚುಚ್ಚುತ್ತದೆ, ನಿಜ.

ಅದು ಅವರ ಸ್ವಂತ ಮಾತಲ್ಲ, ಬಿಡು. ಪ್ರೊಫೆಸರ್‌ಗಳೇ ಶತ್ರುಗಳು ಅಂತ 1972ರಲ್ಲಿ ಅಲ್ಲಿನ ಅಧ್ಯಕ್ಷ ನಿಕ್ಸನ್ ಅಂದಿದ್ದು, ಅವರೇ ತಮ್ಮ ಕಚೇರಿಯಲ್ಲಿ ಗುಟ್ಟಾಗಿ ಮಾಡಿಸುತ್ತಿದ್ದ ಟೇಪಿನಲ್ಲಿದೆ. ಎದುರಿಗೆ ಕೂತಿದ್ದವರು ಯಾರು ಗೊತ್ತಾ? ಹಾರ್ವರ್ಡ್‌ನಲ್ಲಿ ಪ್ರೊಫೆಸರ್ ಆಗಿದ್ದ, ಅವರ ಸಲಹೆಗಾರ ಕಿಸಿಂಜರ್! 2021ರಲ್ಲಿ, ಮುಂದೆ ಉಪಾಧ್ಯಕ್ಷರಾದ ಜೆ.ಡಿ. ವಾನ್ಸ್ ಭಾಷಣದಲ್ಲಿ ಅದೇ ಮಾತು ಎತ್ತಿ ಆಡಿದರು. ಅವರು ಯೇಲ್‌ನಲ್ಲಿ ಕಾನೂನು ಓದಿದವರು. ಎಲ್ಲರೂ ಕಾಲೇಜಿಗೆ ಹೋಗಲಿ ಅನ್ನುತ್ತಾರೆಂದು 2012ರಲ್ಲಿ ಒಬಾಮಾರನ್ನು ಜಂಬಗಾರ ಅಂದ ರಾಜಕಾರಣಿ ರಿಕ್ ಸ್ಯಾಂಟೋರಮ್ ಹತ್ತಿರ ಮೂರು ಡಿಗ್ರಿ. ಉಂಡ ಮನೆಯ ಜಂತೆ ಎಣಿಸುವವರು.

ಆದರೆ ನಿನ್ನ ಓನರ್ ಯೇಲ್‌ನಲ್ಲಿ ಉಂಡವರಲ್ಲ. ಅವರ ಸಿಟ್ಟು ಬೇರೆ. ಅಂಥದ್ದನ್ನು ನಾನೂ ಕಂಡಿದ್ದೇನೆ. ನಾನು ಹೆಬ್ಬಾಳದಲ್ಲಿ ಬಿಎಸ್ಸಿ ಅಗ್ರಿ ಮುಗಿಸಿ ಕೆಲಸಕ್ಕೆ ಸೇರಿದ ಹೊಸದು. ಮಂಡ್ಯದ ಕಡೆ ಒಬ್ಬ ಅಜ್ಜನಿಗೆ ಬದುವಿನ ಮೇಲೆ ನಿಂತು ಪಾಠ ಹೇಳಿದೆ: ಯೂರಿಯಾ ಹಾಕುವ ಮುಂಚೆ ಗದ್ದೆಯ ನೀರು ಬಸಿಯಿರಿ, ಆಮೇಲೆ ಮತ್ತೆ ಕಟ್ಟಿ. ಪೂರ್ತಿ ಕೇಳಿಸಿಕೊಂಡರು. "ಬಸಿದ್ ನೀರು ಮತ್ತೆ ಯಾವಾಗ ಬತ್ತದೆ ಸ್ವಾಮಿ?" ಅಂದರು. ಅವರದು ನಾಲೆಯ ಕಟ್ಟಕಡೆಯ ಗದ್ದೆ. ನಾನು ಕೇಳಿಯೇ ಇರಲಿಲ್ಲ. "ಪುಸ್ತಕದ ಬದನೆಕಾಯಿ" ಅಂತ ನಕ್ಕು ಕಳೆ ಕೀಳಲು ಇಳಿದರು. ನನ್ನ ಪುಸ್ತಕ ತಪ್ಪಿರಲಿಲ್ಲ, ನೋಡು. ಇವತ್ತಿಗೂ ನೆನೆದರೆ ಕಿವಿ ಬಿಸಿಯಾಗುತ್ತದೆ.

ನಿಮ್ಮ ಟೆನೆಸಿಯದೇ ಒಂದು ತಮಾಷೆ ಹೇಳುತ್ತೇನೆ. ವಿಕಾಸವಾದ ಕಲಿಸಿದ್ದಕ್ಕೆ 1925ರಲ್ಲಿ ಸ್ಕೋಪ್ಸ್ ಎಂಬ ಮೇಷ್ಟರಿಗೆ 100 ಡಾಲರ್ ದಂಡ ಹಾಕಿದ ಡೇಟನ್ ಅಲ್ಲೇ ಇದೆ. ಮೇಲಿನ ಕೋರ್ಟು ದಂಡ ರದ್ದು ಮಾಡಿತು, ಆದರೆ ಅದನ್ನು ಕಲಿಸಬಾರದೆಂಬ ಕಾಯ್ದೆ 1967ರವರೆಗೂ ಉಳಿಯಿತು. ಅದಿನ್ನೂ ಇರುವಾಗಲೇ, 1964ರಲ್ಲಿ ಶುರುವಾದ ನಮ್ಮ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯಕ್ಕೆ ನೆರವಾಗಲು ಬಂದವರು ನಿನ್ನ ಟೆನೆಸಿ ಯೂನಿವರ್ಸಿಟಿಯವರೇ! ಅಂಥ ಕೃಷಿ ಕಾಲೇಜುಗಳಿಗೆ ಜಮೀನು ಕೊಡುವ ಕಾಯ್ದೆಗೆ 1862ರಲ್ಲಿ ಸಹಿ ಹಾಕಿದ ಲಿಂಕನ್ ಕೂಡ ನಿಕ್ಸನ್, ವಾನ್ಸ್, ಸ್ಯಾಂಟೋರಮ್ ಹಾಗೆ ರಿಪಬ್ಲಿಕನ್ ಪಕ್ಷದವರೇ. ಆ ಪಕ್ಷಕ್ಕೆ ಇದು ಮರೆತೇಹೋಗಿದೆ ಅಂತ ನನ್ನ ಗುಮಾನಿ.

ರೈತರಿಗೆ ಸಲಹೆ ಕೊಡುವ ನಿನ್ನ ಯೂನಿವರ್ಸಿಟಿಯ ಕೃಷಿ ವಿಸ್ತರಣಾ ಕಚೇರಿ ಅಲ್ಲಿನ ಪ್ರತಿ ಕೌಂಟಿಯಲ್ಲೂ, ಅಂದರೆ ನಮ್ಮ ಜಿಲ್ಲೆಯಂಥದ್ದರಲ್ಲೂ, ಇದೆ. ಓನರ್ ಅವರ ಅಪ್ಪ ತಂಬಾಕು ಬೆಳೆಯುತ್ತಿದ್ದರು ಅಂದಿದ್ದೆಯಲ್ಲ, ಆ ಕಚೇರಿಯವರು ಅವರ ಹೊಲಕ್ಕೆ ಬರುತ್ತಿದ್ದರಾ ಕೇಳು. ಬಂದರೆ ಏನಾದರೂ ಕೇಳುತ್ತಿದ್ದರೋ, ಇಲ್ಲಾ ನನ್ನ ಹಾಗೆ ಸುಮ್ನೆ ಪಾಠ ಹೊಡೆದು ಹೋಗುತ್ತಿದ್ದರೋ?

ಅಮ್ಮ ಚಟ್ನಿಪುಡಿ ಕಳಿಸಿದ್ದಾಳೆ. ಓನರ್‌ಗೂ ಸ್ವಲ್ಪ ಕೊಡು, ಖಾರ ಜಾಸ್ತಿ ಅಂತ ಮೊದಲೇ ಹೇಳಿಬಿಡು.

ನಿನ್ನ
ಅಪ್ಪ